ಕಾರಿನ ಕಾಲಿಗೆ ಬಂದ ಕಾಯಿಲೆ

ದೊಡ್ಡಬೆಳವಂಗಲದ ಅಪ್ಪಯ್ಯಣ್ಣ ಕಾರು ಕೊಳ್ಳಬೇಕೆಂದು ಹೊರಟವನಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ತಗಡಿನ ಪೀಪಾಯಿ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಬೆಂಗಳೂರಿನ ದಂಡುಪ್ರದೇಶದಲ್ಲಿ ವಿಲಾಯಿತಿಗೆ ಹೊರಟುನಿಂತ ಒಬ್ಬ ಇಂಗ್ಲಿಷ್ ದೊರೆ ಮನೆಯ ಸಾಮಾನನ್ನೆಲ್ಲ ಹರಾಜು ಹಾಕುತ್ತಿದ್ದಾನೆಂದು ಕೇಳಿ, ಬಚ್ಚಲಿಗೊಂದು ಪೀಪಾಯಿ ಸಿಕ್ಕೀತೆಂದು ಹೋದ. ಪೀಪಾಯಿ ಇತ್ತು. ಆದರೆ ಅದು ಒಂದು ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಕೂತಿತ್ತು. ಹರಾಜಿನವನು ಕಾರನ್ನೂ ಪೀಪಾಯಿಯನ್ನೂ ಒಂದೇ ಬಾಬ್ತು ಎಂದು ಕೂಗಿಬಿಟ್ಟಿದ್ದ. ಬೇರೆ ಮಾಡಿಕೊಡಿ ಎಂದು ಅಪ್ಪಯ್ಯಣ್ಣ ಕೇಳಿದ. ಆಗುವುದಿಲ್ಲ ಎಂದರು. ಆ ವರ್ಷ ಆಲೂಗಡ್ಡೆಗೆ ಒಳ್ಳೆಯ ಧಾರಣೆ ಬಂದಿತ್ತು. ಸಂಜೆ ಅಪ್ಪಯ್ಯಣ್ಣ ಪೀಪಾಯಿಯ ಪಕ್ಕದಲ್ಲಿ ಕೂತು ಕಾರಿನಲ್ಲಿ ಊರಿಗೆ ಬಂದ.

ಕಾರು ತಂದುಬಿಟ್ಟ ಡ್ರೈವರು ಊರಿನಲ್ಲೇ ಉಳಿದು, ಮುದ್ದೆ ಉಂಡು, ಅಪ್ಪಯ್ಯಣ್ಣನಿಗೆ ಗಾಡಿ ಬಿಡುವುದನ್ನು ಕಲಿಸಿದ. ಮುಂದಕ್ಕೆ ಹೋಗುವುದು ಬಂತು, ಹಾರನ್ ಹೊಡೆಯುವುದು ಬಂತು, ನಿಲ್ಲಿಸುವುದು ಬಹುಮಟ್ಟಿಗೆ ಬಂತು. ಹಿಂದಕ್ಕೆ ಹೋಗುವುದನ್ನು ಕಲಿಸಬೇಕು ಎನ್ನುವಾಗ ಡ್ರೈವರಿಗೆ ಬಸ್ಸಿನ ಹೊತ್ತಾಯಿತು. ಹೀಗಾಗಿ ಅಪ್ಪಯ್ಯಣ್ಣ ತಪ್ಪಿ ತನ್ನ ಮನೆಯನ್ನು ದಾಟಿ ಹೋದರೆ, ಕೆರೆ ಏರಿಯನ್ನೆಲ್ಲ ಸುತ್ತಿಕೊಂಡು ಮತ್ತೆ ಬರಬೇಕಾಗುತ್ತಿತ್ತು. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಕೆರೆಯಲ್ಲಿ ನೀರೆಷ್ಟಿದೆ ನೋಡಿಕೊಂಡು ಬಂದೆ ಎನ್ನುತ್ತಿದ್ದ. ಕೆರೆಯ ಬಗ್ಗೆ ಇಷ್ಟು ಕಾಳಜಿಯಿರುವ ಮನುಷ್ಯ ಹಿಂದೆ ಇರಲಿಲ್ಲ ಎಂದು ಊರಿನವರು ಮಾತಾಡಿಕೊಂಡರು.

ಕಾರು ಕೆನೆಬಣ್ಣದ್ದು. ಮೇಲೆ ಕ್ಯಾನ್ವಾಸಿನ ಟಾಪು, ಪಕ್ಕಗಳಿಗೆ ಗಾಜಿಲ್ಲ. ಮುಂದಿನ ಚಕ್ರಗಳ ಮೇಲಿನ ಮಡ್‌ಗಾರ್ಡು ಹಿಂಬದಿಯಲ್ಲಿ ತುಕ್ಕು ಹಿಡಿದು ಉದುರಿಹೋಗಿತ್ತು, ಆದರೆ ಅದು ಎದುರಿನಿಂದ ನೋಡಿದವರಿಗೆ ಕಾಣುತ್ತಿರಲಿಲ್ಲ. ಅಪ್ಪಯ್ಯಣ್ಣ ಎಲ್ಲರನ್ನೂ ಎದುರಿನಿಂದಲೇ ನೋಡಲು ಕರೆಯುತ್ತಿದ್ದ. ನೋಡಿದವರು ಹೊಗಳಿದರು. ಹೊಗಳದೆ ಹೋದವನು ಒಬ್ಬನೇ, ಅಪ್ಪಯ್ಯಣ್ಣನ ಹೆಂಡತಿ ಲಕ್ಷ್ಮೀದೇವಮ್ಮನ ತಮ್ಮ ಗಂಗಣ್ಣ. ಅದೇ ಬೀದಿಯಲ್ಲಿ ಅವನ ಮನೆ. ಊರಿಗೇ ಹೆಸರಾದ ಒಂದು ಜೊತೆ ಎತ್ತು ಸಾಕಿದ್ದ. ಎತ್ತು ಸಾಕಿದವನಿಗೆ ಕಾರು ಕಂಡರೆ ಆಗದಿರುವುದು ಸಹಜ.

ಗಂಗಣ್ಣ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಎತ್ತಿನ ಗೊರಸು ನೋಡುವ ಅಭ್ಯಾಸದಿಂದ ಬಗ್ಗಿ ಚಕ್ರ ನೋಡಿದ. "ಭಾವ, ಕಾರೇನೋ ಮದುವೆ ಗಂಡಿದ್ದಂಗೈತೆ. ಕಾಲು ಮಾತ್ರ ಬರಿಗಾಲಲ್ಲಿ ಘಾಟಿ ಜಾತ್ರೆಗೆ ಹೋಗಿಬಂದಂಗವೆ," ಎಂದ.

ಜಗಲಿಯ ಮೇಲಿದ್ದವರೆಲ್ಲ ಚಕ್ರ ನೋಡಿದರು. ಅಪ್ಪಯ್ಯಣ್ಣನೂ ಅಂದೇ ಮೊದಲು ನೋಡಿದ್ದು. ನಾಲ್ಕು ಟೈರೂ ಬೂದಿ ಬಳಿದಂತೆ ಬೆಳ್ಳಗಿದ್ದವು. ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿದ್ದವು. ಹೊಸ ಟೈರು ಹಾಕಿಸೋಣವೆಂದರೆ ಅದಕ್ಕೆ ಪರ್ಮಿಟ್ಟು ಬೇಕು. ಪರ್ಮಿಟ್ಟು ಸಿಗುವುದು ಡಾಕ್ಟರಿಗೆ, ಸರ್ಕಾರದವರಿಗೆ. ಪೀಪಾಯಿ ಸಾಗಿಸಲು ಕಾರು ಕೊಂಡವನಿಗೆ ಯಾರೂ ಕೊಡುವುದಿಲ್ಲ.

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ಹತ್ತಿರವಿತ್ತು. ಜಾತ್ರೆಗೆ ಕಾರಿನಲ್ಲೇ ಹೋಗಬೇಕು, ಅಷ್ಟು ಹೊತ್ತಿಗೆ ಟೈರು ಕನ್ನಡಿಯಾಗಬೇಕು, ಗಂಗಣ್ಣ ಅದರಲ್ಲಿ ತನ್ನ ಮೀಸೆ ನೋಡಿಕೊಳ್ಳುವಂತಾಗಬೇಕು ಎಂದು ಅಪ್ಪಯ್ಯಣ್ಣ ತೀರ್ಮಾನಿಸಿದ.

ಮೊದಲು ಕೈಗೆ ಸಿಕ್ಕಿದ್ದು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಎತ್ತಿನ ಗಾಡಿಯ ಅಚ್ಚಿಗೆ ಬಳಿಯುತ್ತಾರಲ್ಲ, ಅದು. ಬೆಳಿಗ್ಗೆ ಎದ್ದು ನಾಲ್ಕು ಟೈರಿಗೂ ಬಳಿದ. ಕೆರೆಯಿಂದೆದ್ದ ಎಮ್ಮೆಯ ಬೆನ್ನಿನ ಹಾಗೆ ಮಿಂಚಿದವು. ಹಾರನ್ ಹೊಡೆದು ಒಂದು ಸುತ್ತು ಹೊರಟ. ಚಕ್ರ ತಿರುಗಿದಂತೆ ಕೀಲೆಣ್ಣೆ ಹನಿಹನಿಯಾಗಿ ಎದ್ದು, ಮಡ್‌ಗಾರ್ಡು ಇಲ್ಲದ ಕಡೆಯಿಂದ ಹಾರಿ, ಕೆನೆಬಣ್ಣದ ಬಾಗಿಲಿಗೆಲ್ಲ ಬಿತ್ತು. ಉಳಿದದ್ದು ಜಗಲಿಯ ಕಡೆಗೆ ಹೋಯಿತು. ಜಗಲಿಯ ಮೇಲೆ ಅವನ ತಾಯಿ ಕದಿರಮ್ಮ ಸಂಡಿಗೆ ಒಣಗಲು ಹಾಕಿ ಕಾಯುತ್ತಿದ್ದಳು. ಅವಳಿಗೆ ಕಣ್ಣು ಮಂಜು. ಸಂಡಿಗೆಯನ್ನು ಬಗ್ಗಿ ನೋಡಿ ಸೊಸೆಯನ್ನು ಕೂಗಿದಳು.

"ಲಕ್ಷ್ಮೀ, ಸಂಡಿಗೆಗೆ ಎಳ್ಳು ಯಾವಾಗ ಹಾಕಿದ್ಯೇ?"

ಲಕ್ಷ್ಮೀದೇವಮ್ಮ ಬಂದು ನೋಡಿದಳು. ಸಂಡಿಗೆ ನೋಡಿ ಕಾರು ನೋಡಿದಳು, ಕಾರು ನೋಡಿ ಗಂಡನನ್ನು ನೋಡಿದಳು. ಸಂಡಿಗೆ ಬಾಚಿಕೊಂಡು ಒಳಗೆ ಹೋದಳು. ಬಾಯಿಬಿಟ್ಟದ್ದು ಮಾರನೆಯ ದಿನ, ಅವನು ಕರಿಯಿಲ್ಲದ ಬರಿಯ ಹರಳೆಣ್ಣೆ ಬಳಿಯುತ್ತಿರುವಾಗ.

"ಸೀಮೆಎಣ್ಣೆ ಕೂಪನ್ನು ಮುಗಿದು ಹೋಗೈತೆ. ಊರೆಲ್ಲ ಹರಳೆಣ್ಣೆ ದೀಪ ಹಚ್ಚಿ ಕೂತೈತೆ. ನೀವು ಗಾಲಿಗೆ ಎಣ್ಣೆಸ್ನಾನ ಮಾಡಿಸ್ತಾ ಇದೀರ. ಇನ್ನೊಂದ್ಸಲ ಎಣ್ಣೆ ಗಡಿಗೆ ಮುಟ್ಟಿದ್ರೆ ಗಂಗಂಗೆ ಹೇಳ್ತೀನಿ."

ಇದು ದೊಡ್ಡ ಬೆದರಿಕೆ. ಅಂದಿನಿಂದ ಅಪ್ಪಯ್ಯಣ್ಣ ಕಾರನ್ನು ಹಿಂದಿನ ಕೊಟ್ಟಿಗೆಗೆ ಸೇರಿಸಿ, ಗೋಣಿತಾಟು ಹೊದಿಸಿ, ಗುಟ್ಟಾಗಿ ಕೆಲಸ ನಡೆಸಿದ. ಮೊಟ್ಟೆಯ ಬಿಳಿ ಬಳಿದು ನೋಡಿದ. ಊರಿನ ನಾಯಿಗಳೆಲ್ಲ ಕೊಟ್ಟಿಗೆಗೆ ನುಗ್ಗಿ ನಾಲ್ಕು ಟೈರನ್ನೂ ನೆಕ್ಕಿ ಮೊದಲಿನ ಬಣ್ಣಕ್ಕೇ ತಂದು ಹೋದವು. ಬೆಲ್ಲದ ನೀರಿಗೆ ಮಸಿ ಕಲಸಿ ಬಳಿದ, ಇರುವೆ ಬಂತು. ಅಪ್ಪಯ್ಯಣ್ಣ ಬುಟ್ಟಿ ಬೋರಲು ಹಾಕಿ ಕೂತು ಆಲೋಚಿಸಿದ. ಹೊಳೆಯುವುದು ಹಾರುತ್ತದೆ, ಹಾರದೆ ಇರುವುದು ಹೊಳೆಯುವುದಿಲ್ಲ. ಎರಡೂ ಕೂಡಿದ ಪದಾರ್ಥ ಲೋಕದಲ್ಲಿ ಇರಲೇಬೇಕು. ಇದ್ದರೆ ಅದು ದೊಡ್ಡಬಳ್ಳಾಪುರದಲ್ಲಿರುತ್ತದೆ.

ದೊಡ್ಡಬಳ್ಳಾಪುರದ ಪೇಟೆಬೀದಿಯಲ್ಲಿ ಪಾಪಯ್ಯನ ಔಷಧಿ ಅಂಗಡಿ. ಪಾಪಯ್ಯ ಹಿಂದೆ ಎಲ್ಲೋ ಕಾಂಪೌಂಡರಾಗಿದ್ದವನು. ರೋಗಿಯ ಬಾಯಿಂದ ರೋಗ ಹೊರಡಿಸುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದು ಅವನ ನಂಬಿಕೆ. ಅಪ್ಪಯ್ಯಣ್ಣ ಪೆಟ್ರೋಲು ಉಳಿಸಲೆಂದು ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಬಂದು, ಅಂಗಡಿಯಲ್ಲಿ ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿ ಒಳಗೆ ಹೋದ.

"ಕಾಲಿಗೆ ಹಚ್ಚೋಕೆ ಒಂದು ಔಷಧಿ ಬೇಕಾಗಿತ್ತು," ಎಂದ, ದನಿ ತಗ್ಗಿಸಿ.

"ಏನಾಗಿದೆ ಕಾಲಿಗೆ?"

"ಒಣಗಿ ಬಿರುಕು ಬಿಟ್ಟೈತೆ. ಬೆಳ್ಳಗಾಗೈತೆ."

"ಎಡಗಾಲೋ, ಬಲಗಾಲೋ?"

"ನಾಲ್ಕೂ."

ಪಾಪಯ್ಯ ಸೀಸೆ ಒರೆಸುವುದನ್ನು ನಿಲ್ಲಿಸಿದ. ಒಮ್ಮೆ ಅಪ್ಪಯ್ಯಣ್ಣನ ಕಾಲು ನೋಡಿದ; ಲೆಕ್ಕ ಸರಿಯಾಗಿತ್ತು. "ಎತ್ತೋ, ಹಸುವೋ?" ಎಂದು ಮೆಲ್ಲಗೆ ಕೇಳಿದ.

"ಅದೆಲ್ಲ ಕೇಳ್ಬೇಡಿ ಪಾಪಯ್ಯನೋರೆ. ಜಾತ್ರೆ ಹತ್ತಿರ ಐತೆ. ಊರಲ್ಲಿ ಗೊತ್ತಾದ್ರೆ ಮರ್ಯಾದೆ ಹೋಗ್ತದೆ."

ಪಾಪಯ್ಯ ತಲೆಯಾಡಿಸಿದ. ಅಪ್ಪಯ್ಯಣ್ಣನಿಗೆ ಸಮಾಧಾನವಾಯಿತು. ಪೇಟೆಯವನು, ಜಾಣ, ಕಾರೆಂದು ಬಾಯಿಬಿಟ್ಟು ಹೇಳದಿದ್ದರೂ ಅರ್ಥ ಮಾಡಿಕೊಂಡ, ಮರ್ಯಾದೆಗಾಗಿ ಎತ್ತು ಹಸು ಎಂದು ಮರೆಮಾಚಿ ಮಾತಾಡುತ್ತಿದ್ದಾನೆ ಎಂದುಕೊಂಡ.

"ಮೈ ಬಿಸಿ ಇದೆಯೋ?"

"ಓಡಿಸಿದ್ರೆ ಬಿಸಿ ಆಗ್ತದೆ. ನಿಂತ್ರೆ ತಣ್ಣಗಾಗ್ತದೆ."

"ಬಾಯಲ್ಲಿ ನೊರೆ?"

"ನೊರೆ ಇಲ್ಲ. ದಿಣ್ಣೆ ಹತ್ತಿಸಿದ್ರೆ ಮೂತೀಲಿ ಹೊಗೆ ಬಂದಂಗೆ ಹಬೆ ಬರ್ತದೆ. ಒಂದು ಕೊಡ ನೀರು ಹಾಕಿದ್ರೆ ಸುಮ್ಕಾಗ್ತದೆ."

"ಒಂದು ಕೊಡ," ಎಂದ ಪಾಪಯ್ಯ. "ಮೇವು ಮುಟ್ತದೋ?"

"ಸರ್ಕಾರದೋರು ಕೊಟ್ಟಷ್ಟು. ಜಾಸ್ತಿ ಎಲ್ಲಿಂದ ತರೋಣ?"

"ಪಕ್ಕದೋರಿಗೆ ಹರಡ್ತಾ ಇದೆಯೋ?" ಪಾಪಯ್ಯ ಮೇಜಿನಿಂದ ಸ್ವಲ್ಪ ಹಿಂದಕ್ಕೆ ಸರಿದಿದ್ದ.

"ಅದೇ ನೋಡಿ ನನಗಿರೋ ಕಷ್ಟ," ಎಂದ ಅಪ್ಪಯ್ಯಣ್ಣ. "ಬೀದೀಲಿ ಒಂದು ಸುತ್ತು ಹೋಗಿ ಬಂದ್ರೆ ಸಾಕು, ಅಕ್ಕಪಕ್ಕ ಎಲ್ಲಾ ಹಾರತದೆ. ನಮ್ಮವ್ವನ ಸಂಡಿಗೆ ಮೇಲೂ ಬಿತ್ತು. ನಾಯಿಗಳು ಬೇರೆ ಬಂದು ನೆಕ್ಕಿದ್ವು. ಮಿಂಚಬೇಕು, ಹಾರಬಾರದು, ಅಂಥದ್ದೊಂದು ಕೊಡಿ."

ಪಾಪಯ್ಯ ಒಂದು ಸೀಸೆ ಗ್ಲಿಸರಿನ್ ಕೊಟ್ಟ. ಕೊಟ್ಟದ್ದು ಬಿರುಕಿಗೆ ಒಳ್ಳೆಯದೆಂದಲ್ಲ; ಗಿರಾಕಿ ಬೇಗ ಹೋಗಲಿ ಎಂದು. ಅಪ್ಪಯ್ಯಣ್ಣ ಬಸ್ಸು ಹತ್ತುವ ಮೊದಲೇ ಪಾಪಯ್ಯ ಕೈಗೆ ಫಿನಾಯಿಲ್ ಸುರಿದುಕೊಂಡು ತೊಳೆದು, ಅಂಗಡಿಗೆ ಬೀಗ ಹಾಕಿ, ದನದ ಇನ್‌ಸ್ಪೆಕ್ಟರು ಆದಿನಾರಾಯಣಪ್ಪನವರ ಮನೆಯ ಕಡೆಗೆ ನಡೆದ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಇದು ಗುಟ್ಟಿನ ವಿಷಯ ಎಂದು ಹೇಳುತ್ತಾ ಹೋದ.

ಮಾರನೆಯ ದಿನ ಅಪ್ಪಯ್ಯಣ್ಣ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಗ್ಲಿಸರಿನ್ನಿಗೆ ದೀಪದ ಕಾಡಿಗೆ ಕಲಸಿ ಟೈರಿಗೆ ಬಳಿದ. ಒಂದು ಸಲ ಬಳಿದದ್ದು ಚೆನ್ನಾಗಿ ಕಂಡಿತು. ಎರಡನೆಯ ಸಲ ಬಳಿದರೆ ಇನ್ನೂ ಚೆನ್ನಾಗಿರುತ್ತದೆ ಎಂದು ಬಳಿದ. ಸೀಸೆಯಲ್ಲಿ ಉಳಿಸುವುದೇಕೆ ಎಂದು ಮತ್ತೆ ಬಳಿದ. ಟೈರುಗಳು ಹೊಸ ಹೆಣ್ಣಿನ ಜಡೆಯ ಹಾಗೆ ಮಿಂಚಿದವು. ಅವನು ಹೊರಗೆ ಬಂದು ಕೈ ತೊಳೆಯುತ್ತಿರುವಾಗ ಗಂಗಣ್ಣ ದೊಡ್ಡಬಳ್ಳಾಪುರದ ಸಂತೆಯಿಂದ ನೇರವಾಗಿ ಅಲ್ಲಿಗೆ ಬಂದ. ಅಂಗಳದೊಳಕ್ಕೆ ಬರಲಿಲ್ಲ, ಬೇಲಿಯಾಚೆಯೇ ನಿಂತ.

"ಏನ್ ಭಾವ, ಕಾಲು ಹೆಂಗವೆ?"

ಅಪ್ಪಯ್ಯಣ್ಣ ಮಸಿಗೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ಪಾಪಯ್ಯ ಬಾಯಿಬಿಟ್ಟಿದ್ದಾನೆ. "ನಿಂಗೆ ಗೊತ್ತಾಗೋಯ್ತಾ?"

"ನಂಗೇನು, ಊರಿಗೆಲ್ಲ ಗೊತ್ತು. ಬಳ್ಳಾಪುರದ ಸಂತೇಲೆಲ್ಲ ಇದೇ ಮಾತು. ಮನೇಲಿ ಇಂಥಾದ್ದು ಇಟ್ಕೊಂಡು ಬಚ್ಚಿಡ್ತಾರಾ?"

"ಬಚ್ಚಿಡದೆ ಇನ್ನೇನ್ ಮಾಡೋಣ? ನೀನು ನಗ್ತಿದ್ದೆ."

"ನಾನ್ಯಾಕೆ ನಗ್ಲಿ? ನನ್ನ ಎತ್ತವೆ ಕಣಯ್ಯ ಪಕ್ಕದಲ್ಲಿ."

ಇಲ್ಲಿ ಎತ್ತಿನ ಮಾತೇಕೆ ಬಂತೆಂದು ಅಪ್ಪಯ್ಯಣ್ಣನಿಗೆ ತಿಳಿಯಲಿಲ್ಲ. ಹೊಟ್ಟೆಕಿಚ್ಚಿರಬೇಕು ಎಂದುಕೊಂಡು ದೊಡ್ಡ ಮನಸ್ಸು ಮಾಡಿದ. "ಈಗ ಪೂರ್ತಿ ವಾಸಿ ಆಗೈತೆ ಗಂಗಣ್ಣ. ನೋಡಿದ್ರೆ ನೀನೇ ಬೆರಗಾಗ್ತೀಯ. ಹಾರತದೋ ಇಲ್ವೋ ಒಂದೇ ನೋಡಬೇಕು. ಒಂದ್ ಕೆಲಸ ಮಾಡ್ತೀನಿ. ನಾಳೆ ಬೆಳಿಗ್ಗೆ ನಿಮ್ಮನೆ ಮುಂದೇನೇ ಹೊಡ್ಕೊಂಡು ಹೋಗ್ತೀನಿ. ನೀನು ಎತ್ತು ಹಿಡ್ಕೊಂಡು ಬಾಗಿಲಲ್ಲಿ ನಿಂತ್ಕೊ. ನಿನ್ನ ಎತ್ತಿನ ಮೇಲೆ ಒಂದು ಚುಕ್ಕೆ ಹಾರಿದ್ರೂ ನನ್ನ ಹೆಸರು ಅಪ್ಪಯ್ಯಣ್ಣ ಅಲ್ಲ."

ಗಂಗಣ್ಣ ಬೇಲಿಯ ಗೂಟವೊಂದನ್ನು ಹಿಡಿದು ಅಲ್ಲಾಡಿಸಿದ. ಆಮೇಲೆ, "ಅಕ್ಕನ ಮುಖ ನೋಡ್ಕೊಂಡು ಸುಮ್ನಿದೀನಿ ಭಾವ. ನಮ್ಮ ಬಾಗಿಲ ಮುಂದೆ ತಂದ್ರೆ ನಿನ್ನ ಕಾಲೂ ಮುರೀತೀನಿ," ಎಂದು ಹೊರಟುಹೋದ.

ಅಂದು ಸಂಜೆ ಅಪ್ಪಯ್ಯಣ್ಣನ ಆಳು ದನಗಳನ್ನು ನೀರಿಗೆ ಹೊಡೆದುಕೊಂಡು ಹೋದರೆ, ಕೆರೆಯ ಬಳಿ ಜನ ಕೋಲು ಹಿಡಿದು ನಿಂತಿದ್ದರು. ಹಾಲು ಕೊಳ್ಳುವವರು ಬರಲಿಲ್ಲ. ಎದುರುಮನೆಯ ಅಶ್ವತ್ಥಮ್ಮ ದಿನವೂ ಸಗಣಿ ಕೇಳಿಕೊಂಡು ಬರುತ್ತಿದ್ದವಳು, ತಾನು ಮೊನ್ನೆ ಒಯ್ದಿದ್ದ ಸಗಣಿಯ ಬೆರಣಿಗಳನ್ನೂ ತಂದು ಬೇಲಿಯ ಮೇಲಿಂದ ವಾಪಸು ಹಾಕಿದಳು. ಲಕ್ಷ್ಮೀದೇವಮ್ಮ ಗಂಡನನ್ನು ಕೇಳಿದಳು. ಟೈರು ಮಿಂಚಿದರೆ ಊರಿನ ಜನ ಇಷ್ಟು ಸಂಕಟಪಡುತ್ತಾರೆಂದು ತಾನು ಎಣಿಸಿರಲಿಲ್ಲ ಎಂದು ಅವನು ಹೇಳಿದ.

ಬೆಳಿಗ್ಗೆ ತಮಟೆ ಕೇಳಿಸಿತು. ತೋಟಿ ಬೀದಿಯ ಮಧ್ಯೆ ನಿಂತು ಸಾರಿದ: ದೊಡ್ಡಬೆಳವಂಗಲದಲ್ಲಿ ಕಾಲುಬಾಯಿ ಜ್ವರ ಬಿದ್ದಿರುವುದರಿಂದ ಊರಿನ ಯಾವ ದನವೂ ಘಾಟಿ ಜಾತ್ರೆಗೆ ಹೋಗಕೂಡದು, ತಾಲ್ಲೂಕಿನ ಅಮಲ್ದಾರ್ ಸಾಹೇಬರ ಹುಕುಂ ಆಗಿದೆ.

ಅಪ್ಪಯ್ಯಣ್ಣ ಹಲ್ಲುಜ್ಜುತ್ತಾ ಜಗಲಿಗೆ ಬಂದ. ಅವನಿಗೆ ನಿಜವಾಗಿಯೂ ಮರುಕವಾಯಿತು. ವರ್ಷವೆಲ್ಲ ಹಿಂಡಿ ಬೂಸಾ ಹಾಕಿ ಮೇಯಿಸಿದ ಎತ್ತು, ಮಾರುವುದು ಆ ಒಂದು ಜಾತ್ರೆಯಲ್ಲಿ. ಊರಿನ ಅರ್ಧ ಮದುವೆಗಳು ಆ ಎತ್ತುಗಳ ಮೇಲೆ ನಿಂತಿದ್ದವು. "ಅಯ್ಯೋ ಪಾಪ. ಯಾರ ಮನೇಲಂತಪ್ಪಾ?" ಎಂದು ತೋಟಿಯನ್ನು ಕೇಳಿದ.

ತೋಟಿ ಅವನನ್ನು ನೋಡಿದ. ತಮಟೆ ಹೆಗಲಿಗೇರಿಸಿಕೊಂಡು ಮುಂದಿನ ಬೀದಿಗೆ ಹೋದ.

ಹೊತ್ತು ಏರುವಷ್ಟರಲ್ಲಿ ಪಟೇಲ ದೊಡ್ಡಬೀರಪ್ಪ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಬಂದ. ಆದಿನಾರಾಯಣಪ್ಪನವರು ಶುಭ್ರತೆಗೆ ಹೆಸರಾದವರು. ಬಿಳಿಯ ಕ್ಲೋಸ್ ಕೋಟು, ಬಿಳಿಯ ಷರಾಯಿ, ಬಿಳಿಯ ರುಮಾಲು. ದನದ ಡಾಕ್ಟರಾಗಿ ಇಷ್ಟು ವರ್ಷವಾದರೂ ಬಟ್ಟೆಗೆ ಒಂದು ಕಲೆಯಾಗಿಲ್ಲ ಎಂಬುದು ಅವರ ಸರ್ವಿಸಿನ ಹೆಮ್ಮೆ. ಅವರ ಹಿಂದೆ ಊರೆಲ್ಲ ಬಂತು. ಎಲ್ಲರಿಗಿಂತ ಮುಂದೆ ಗಂಗಣ್ಣ.

ಇನ್‌ಸ್ಪೆಕ್ಟರು ಅಪ್ಪಯ್ಯಣ್ಣನ ಎತ್ತುಗಳ ಗೊರಸು ನೋಡಿದರು, ನಾಲಿಗೆ ಎಳೆದು ನೋಡಿದರು, ಹಸುವಿನ ಜ್ವರ ಅಳೆದರು. ಅಪ್ಪಯ್ಯಣ್ಣ ಸರ್ಕಾರದ ಈ ಕಾಳಜಿಯನ್ನು ಮೆಚ್ಚಿ ಎಲ್ಲವನ್ನೂ ಹಿಡಿದು ನಿಲ್ಲಿಸಿದ.

"ಇವೆಲ್ಲ ಸರಿಯಾಗಿವೆ," ಎಂದರು ಇನ್‌ಸ್ಪೆಕ್ಟರು. "ಕಾಯಿಲೆ ಬಿದ್ದದ್ದು ಎಲ್ಲಿ?"

"ನಮ್ಮನೇಲಿ ಕಾಯಿಲೆ ಯಾವುದೂ ಇಲ್ಲ ಸ್ವಾಮಿ."

"ಹಿಂದ್ಲ ಕೊಟ್ಟಿಗೇಲಿ ಐತೆ ಬುದ್ದಿ," ಎಂದ ಗಂಗಣ್ಣ. "ಗೋಣಿತಾಟು ಹೊದಿಸಿ ಮಲಗಿಸವ್ನೆ. ಔಷಧಿ ಹಚ್ಚಿ ಹೊರಗೆ ಬಂದು ಕೈ ತೊಳೀತಾ ಇದ್ದ. ನಾನೇ ನೋಡಿದೆ."

ಅಪ್ಪಯ್ಯಣ್ಣ ಅಡ್ಡ ನಿಂತ. "ಜಾತ್ರೆವರೆಗೂ ಯಾರೂ ನೋಡೋದು ಬೇಡ ಅಂತಿದ್ದೆ."

"ಜಾತ್ರೆಗೆ ಬೇರೆ ಕರ್ಕೊಂಡು ಹೋಗ್ತಿದ್ದಿಯೇನಯ್ಯಾ?" ಎಂದ ಪಟೇಲ.

"ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು?"

ಜನ ಗುಜುಗುಜು ಎಂದಿತು. ಇನ್‌ಸ್ಪೆಕ್ಟರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, ಜವಾನನ ಕೈಗೆ ಫಿನಾಯಿಲ್ ಬಕೆಟ್ಟು ಕೊಟ್ಟು, ಥರ್ಮಾಮೀಟರು ಹಿಡಿದು ಕೊಟ್ಟಿಗೆಗೆ ನುಗ್ಗಿದರು. ಕತ್ತಲಲ್ಲಿ ಗೋಣಿತಾಟಿನ ಕೆಳಗೆ ದೊಡ್ಡದೊಂದು ಮೈ ಅಲ್ಲಾಡದೆ ನಿಂತಿತ್ತು.

"ಸತ್ತು ಹೋಗಿದೆಯೋ ಏನೋ," ಎಂದರು. ಗಂಗಣ್ಣ ಗೋಣಿತಾಟು ಎಳೆದ.

ಒಳಗಿದ್ದದ್ದು ಕಾರು. ಇನ್‌ಸ್ಪೆಕ್ಟರು ಥರ್ಮಾಮೀಟರನ್ನು ಮೆಲ್ಲಗೆ ಡಬ್ಬಿಗೆ ಹಾಕಿದರು. ವಿಚಾರಣೆಯನ್ನು ಪಟೇಲನೇ ವಹಿಸಿಕೊಂಡ.

"ಅಪ್ಪಯ್ಯಣ್ಣ, ನಾಲ್ಕು ಕಾಲು ಬಿರುಕು ಬಿಟ್ಟೈತೆ ಅಂತ ಪಾಪಯ್ಯನ ಹತ್ರ ಹೇಳಿದ್ದು?"

"ಟೈರು."

"ಬಾಯಲ್ಲಿ ಹಬೆ?"

"ರೇಡಿಯೇಟರು."

"ಸರ್ಕಾರದ ಮೇವು?"

"ಪೆಟ್ರೋಲ್ ಕೂಪನ್ನು."

"ಪಕ್ಕದೋರಿಗೆಲ್ಲ ಹಾರತದೆ ಅಂದಿದ್ದು?"

"ಕೀಲೆಣ್ಣೆ. ಆದ್ರೆ ಇದು ಕೀಲೆಣ್ಣೆ ಅಲ್ಲ," ಎಂದ ಅಪ್ಪಯ್ಯಣ್ಣ. "ಇದು ಹಾರಲ್ಲ."

ಜನ ನಗಬೇಕೋ ಹೊಡೆಯಬೇಕೋ ಎಂದು ತೀರ್ಮಾನಿಸುವ ಮೊದಲೇ ಇನ್‌ಸ್ಪೆಕ್ಟರು ಗಡಿಯಾರ ನೋಡಿ ಬೆಚ್ಚಿದರು. ಎತ್ತುಗಳು ಜಾತ್ರೆಗೆ ಹೊರಡಬೇಕಾದದ್ದು ಮಾರನೆಯ ಬೆಳಿಗ್ಗೆ. ಹುಕುಂ ಮಾಡಿದ ಅಮಲ್ದಾರರು ಅಂದು ಮಧ್ಯಾಹ್ನವೇ ಕ್ಯಾಂಪು ಹೊರಡುವವರಿದ್ದರು. ಹೊರಟರೆಂದರೆ ಜಾತ್ರೆ ಮುಗಿಯುವವರೆಗೆ ಹುಕುಂ ಬದಲಾಯಿಸುವವರಿಲ್ಲ. ಬಸ್ಸು ಆಗಲೇ ಹೋಗಿತ್ತು. ಊರಿನಲ್ಲಿ ಅಷ್ಟು ಬೇಗ ದೊಡ್ಡಬಳ್ಳಾಪುರ ಮುಟ್ಟಬಲ್ಲ ಪ್ರಾಣಿ ಒಂದೇ ಇತ್ತು. ಎಲ್ಲರೂ ಅದರ ಕಡೆ ನೋಡಿದರು.

"ಹತ್ತಿ ಸ್ವಾಮಿ," ಎಂದ ಅಪ್ಪಯ್ಯಣ್ಣ. ಅವನ ಜೀವನದಲ್ಲಿ ಅಂಥ ಗಳಿಗೆ ಹಿಂದೆ ಬಂದಿರಲಿಲ್ಲ. ಅವನಿಗೆ ಹಿಂದಕ್ಕೆ ಬಿಡಲು ಬಾರದಿದ್ದರಿಂದ ಜನವೇ ಕಾರನ್ನು ಕೊಟ್ಟಿಗೆಯಿಂದ ನೂಕಿ ಬೀದಿಗೆ ತಂದರು. ಆದಿನಾರಾಯಣಪ್ಪನವರು ಮುಂದೆ ಕೂತು, ಗೌರವಕ್ಕೆ ತಕ್ಕಂತೆ ಮೊಣಕೈಯನ್ನು ಬಾಗಿಲ ಮೇಲೆ ಊರಿದರು. ಭಾವ ಅಲ್ಲಿ ಹೋಗಿ ಮತ್ತೇನು ಹೇಳಿಬಿಡುತ್ತಾನೋ ಎಂದು ಗಂಗಣ್ಣ ಹಿಂದೆ ಹತ್ತಿದ. ಬೀದಿಯ ಎರಡು ಕಡೆಯೂ ನಿಂತ ಜನ, ಯಾರೂ ಕಾರು ನೋಡಲಿಲ್ಲ. ಎಲ್ಲರೂ ಟೈರು ನೋಡಿದರು. ಟೈರು ಬಿಸಿಲಿಗೆ ಥಳಥಳ ಹೊಳೆಯುತ್ತಾ ತಿರುಗಿತು.

ಊರ ಮುಂದಿನ ಬೇವಿನ ಮರ ದಾಟುವವರೆಗೆ ಏನೂ ಆಗಲಿಲ್ಲ. "ನೋಡಿದ್ಯಾ ಗಂಗಣ್ಣ, ಹಾರಲಿಲ್ಲ," ಎಂದು ಅಪ್ಪಯ್ಯಣ್ಣ ಹೇಳುತ್ತಿದ್ದಂತೆ ಇನ್‌ಸ್ಪೆಕ್ಟರ ಮೊಣಕೈಯ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ ಬಿತ್ತು. ಅವರು ಅದನ್ನು ಉಗುರಿನಿಂದ ತೆಗೆಯಲು ನೋಡಿದರು, ಅದು ಗೆರೆಯಾಯಿತು. ಇನ್ನೊಂದು ಕಾಲರಿನ ಮೇಲೆ ಬಿತ್ತು. ಆಮೇಲೆ ಲೆಕ್ಕ ತಪ್ಪಿತು.

"ಸ್ವಲ್ಪ ನಿಧಾನವಾಗಿ ಬಿಡಿ," ಎಂದರು.

ಅಪ್ಪಯ್ಯಣ್ಣ ನಿಧಾನ ಮಾಡಿದ. ಚುಕ್ಕೆ ನಿಂತಿತು.

"ಅಮಲ್ದಾರ್ರು ಹೊರಟುಬಿಡ್ತಾರೆ ಬುದ್ದಿ," ಎಂದ ಗಂಗಣ್ಣ ಹಿಂದಿನಿಂದ. "ನನ್ನ ಎತ್ತು."

"ಬೇಗ ಬಿಡಿ," ಎಂದರು ಇನ್‌ಸ್ಪೆಕ್ಟರು, ಕರ್ತವ್ಯನಿಷ್ಠೆಯಿಂದ. ಅಪ್ಪಯ್ಯಣ್ಣ ಬೇಗ ಬಿಟ್ಟ. ಚುಕ್ಕೆ ಬಂತು. ರುಮಾಲು ಬಿಚ್ಚಿ ಕೋಟಿನ ಮೇಲೆ ಹಿಡಿದುಕೊಂಡರು, ರುಮಾಲೂ ಹಾಳಾಯಿತು. ದಿಣ್ಣೆ ಬಂದಾಗ ಕಾರಿನ ಮೂತಿಯಿಂದ ಹಬೆ ಎದ್ದು, ಇಳಿದು ನೀರು ಹಾಕಬೇಕಾಯಿತು. ಆಗ ಇನ್‌ಸ್ಪೆಕ್ಟರು ತಮ್ಮ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡರು. ಆಮೇಲೆ ಬೇಗ, ನಿಧಾನ ಎರಡನ್ನೂ ಹೇಳುವುದನ್ನು ಬಿಟ್ಟುಬಿಟ್ಟರು. ಹಿಂದಿನ ಸೀಟಿನಲ್ಲಿದ್ದ ಗಂಗಣ್ಣನಿಗೂ ಬೇಕಾದಷ್ಟು ಬಿದ್ದಿತ್ತು. ಆದರೆ ಅವನು ಎತ್ತಿನ ಯೋಚನೆಯಲ್ಲಿದ್ದ, ಒರೆಸಿಕೊಳ್ಳಲಿಲ್ಲ.

ತಾಲ್ಲೂಕು ಕಚೇರಿಯ ಮುಂದೆ ಅಮಲ್ದಾರರು ಕ್ಯಾಂಪಿಗೆ ಹೊರಟು ತಮ್ಮ ಹಳೆಯ ಕಾರಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ಕಪ್ಪು ಚುಕ್ಕೆಯ ಕಾರೊಂದು ಹಾರನ್ ಹೊಡೆಯುತ್ತಾ ಕಾಂಪೌಂಡಿನೊಳಕ್ಕೆ ನುಗ್ಗಿ, ಒಂದು ಸುತ್ತು ಹೆಚ್ಚಾಗಿ ಹಾಕಿ ನಿಂತಿತು. ಅದರಿಂದ ಮೈಯೆಲ್ಲ ಕಪ್ಪು ಚುಕ್ಕೆಯಾದ ಒಬ್ಬ ಮನುಷ್ಯ ಇಳಿದು ಕೈಮುಗಿದ. ದನಿ ಕೇಳಿದ ಮೇಲೆ ಅದು ದನದ ಇನ್‌ಸ್ಪೆಕ್ಟರೆಂದು ಅವರಿಗೆ ಗೊತ್ತಾಯಿತು. ಗೊತ್ತಾದೊಡನೆ ಎರಡು ಹೆಜ್ಜೆ ಹಿಂದಕ್ಕೆ ಹೋದರು.

"ಅಲ್ಲೇ ನಿಂತು ಮಾತಾಡಿ ಆದಿನಾರಾಯಣಪ್ಪ."

"ಸ್ವಾಮಿ, ದೊಡ್ಡಬೆಳವಂಗಲದಲ್ಲಿ ಕಾಯಿಲೆ ಇಲ್ಲ."

"ನಿಮಗೆ?"

"ನನಗೂ ಇಲ್ಲ ಸ್ವಾಮಿ. ಇದು ಗ್ಲಿಸರಿನ್ನು."

ಪೂರ್ತಿ ಸಮಾಚಾರ ಹೇಳುವುದಕ್ಕೆ ಹೊತ್ತು ಹಿಡಿಯಿತು. ನಡುನಡುವೆ ಗಂಗಣ್ಣ ಎತ್ತಿನ ವಿಷಯ ಸೇರಿಸುತ್ತಿದ್ದ. ಅಮಲ್ದಾರರು ಒಮ್ಮೆಯೂ ನಗಲಿಲ್ಲ. ಹುಕುಂ ರದ್ದು ಮಾಡಿ, ಆಗಲೇ ಒಬ್ಬ ಸವಾರನನ್ನು ಘಾಟಿಗೆ ಅಟ್ಟಿದರು. ಗಂಗಣ್ಣನ ಕಣ್ಣಲ್ಲಿ ನೀರು ಬಂತು. ಅವನು ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡು ಮುಖವನ್ನೆಲ್ಲ ಸಮವಾಗಿ ಕಪ್ಪು ಮಾಡಿಕೊಂಡ. "ಭಾವ," ಎಂದು ಅಪ್ಪಯ್ಯಣ್ಣನ ಕೈ ಹಿಡಿದುಕೊಂಡ. ಇನ್‌ಸ್ಪೆಕ್ಟರು ಯಾರನ್ನೂ ನೋಡದೆ ಕಚೇರಿಯ ಪಕ್ಕದ ಬಾವಿಕಟ್ಟೆಗೆ ಹೋಗಿ ಕೋಟು ಬಿಚ್ಚತೊಡಗಿದರು.

ಅಪ್ಪಯ್ಯಣ್ಣ ತನಗಿನ್ನು ಬೈಗುಳ ಬೀಳುತ್ತದೆಂದು ತಲೆತಗ್ಗಿಸಿ ನಿಂತ. ಅಮಲ್ದಾರರು ಬೈಯಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ಅವನ ಕಾರಿನ ಹತ್ತಿರ ಬಂದರು. ಬಾಗಿಲು, ಮಡ್‌ಗಾರ್ಡು, ಸೀಟು ಎಲ್ಲ ಚುಕ್ಕೆಮಯವಾಗಿತ್ತು. ಆದರೆ ಟೈರು, ಹೆಚ್ಚಾಗಿ ಬಳಿದದ್ದೆಲ್ಲ ದಾರಿಯಲ್ಲಿ ಹಾರಿಹೋಗಿ ಉಳಿದ ತೆಳ್ಳನೆಯ ಪೊರೆಯಲ್ಲಿ, ಅಂಗಡಿಯಿಂದ ಅಂದೇ ತಂದದ್ದರ ಹಾಗೆ ಹದವಾಗಿ ಹೊಳೆಯುತ್ತಿತ್ತು. ಅವರು ಬಗ್ಗಿ ಬೆರಳಿಂದ ಮುಟ್ಟಿದರು. ಬೆರಳಿಗೆ ಏನೂ ಅಂಟಲಿಲ್ಲ. ಎದ್ದು, ತಮ್ಮ ಕಾರಿನ ಬೂದಿಬಣ್ಣದ ಟೈರುಗಳ ಕಡೆ ಒಮ್ಮೆ ನೋಡಿದರು. ಅಪ್ಪಯ್ಯಣ್ಣನನ್ನು ಒಂದು ಪಕ್ಕಕ್ಕೆ ಕರೆದರು.

"ಮೇಲೆ ಹಾರದ ಹಾಗೆ ಮಾಡೋದಕ್ಕೆ ಏನಾದರೂ ಉಪಾಯ ಉಂಟೇನಪ್ಪಾ?" ಎಂದು ದನಿ ತಗ್ಗಿಸಿ ಕೇಳಿದರು.

ಅಪ್ಪಯ್ಯಣ್ಣ ಸಾವಧಾನವಾಗಿ ಆಲೋಚಿಸಿದ. ಇಷ್ಟು ದಿನದ ಪ್ರಯೋಗದ ಸಾರವೆಲ್ಲ ಆಗ ಅವನ ಮುಂದೆ ಬಂದು ನಿಂತಿತು.

"ಉಂಟು ಸ್ವಾಮಿ. ಬಳಿದ ಮೇಲೆ ಮೊದಲನೇ ಸಲ ಬೇರೆ ಯಾರನ್ನಾದ್ರೂ ಕೂರಿಸ್ಕೊಂಡು ಒಂದು ಸುತ್ತು ಹೋಗಿಬರಬೇಕು."

ಅಮಲ್ದಾರರು ಗಡ್ಡ ಸವರಿಕೊಂಡು, ಕ್ಯಾಂಪನ್ನು ಒಂದು ದಿನ ಮುಂದಕ್ಕೆ ಹಾಕಿದರು. ಬಾವಿಕಟ್ಟೆಯ ಕಡೆಗೆ ತಿರುಗಿದರು. ಅಲ್ಲಿ ಇನ್‌ಸ್ಪೆಕ್ಟರು ಕೊಡದ ನೀರು ಸುರಿದುಕೊಂಡು ಕಿವಿ ತಿಕ್ಕುತ್ತಿದ್ದರು.

"ಆದಿನಾರಾಯಣಪ್ಪ," ಎಂದು ಬಹಳ ಮೃದುವಾಗಿ ಕರೆದರು, "ನಾಳೆ ಬೆಳಿಗ್ಗೆ ನಿಮಗೆ ಬಿಡುವಿದೆಯೇನು?"